ಉಲ್ಕೆ ಸುರಿದ ಕೌದಿ

ಅಮೆರಿಕದ ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಕೌದಿ ಹೊಲೀತಿದ್ಲು. ಬಟ್ಟೆ ಕತ್ತರಿಸಿ ಚೌಕ ಚೌಕವಾಗಿ ಚಿತ್ರ ಕೂರಿಸ್ತಿದ್ಲು. ಬಾಸ್ಟನ್ ಮ್ಯೂಸಿಯಮ್ಮಿನಲ್ಲಿರೋ ಒಂದರಲ್ಲಿ ನೋಡಿ: 1780ರ ಮೇ 19ರ ಹಗಲುಗತ್ತಲೆ, 1833ರ ನವೆಂಬರ್ 13ರ ಉಲ್ಕಾಮಳೆ, 1895ರ ಫೆಬ್ರವರಿಯ ಕೊರೆಯೋ ಚಳಿ, ಅದರಲ್ಲಿ ಹೆಪ್ಪುಗಟ್ಟಿದ ಹೇಸರಗತ್ತೆಯ ಉಸಿರು. ಮೊದಲೆರಡು ಅವಳು ಹುಟ್ಟೋ ಮುಂಚಿನವು! ಹಿರಿಯರು ಹೇಳಿದ್ದನ್ನ ಕೇಳಿಯೇ ಹೊಲಿದದ್ದು.

ಬೈಬಲ್ ಕಥೆಗಳ ಇನ್ನೊಂದು ಕೌದಿಗೆ 10 ಡಾಲರ್ ಕೇಳಿದ್ಲು, ಕಷ್ಟಕಾಲ ಅಂತ 5ಕ್ಕೇ ಕೊಟ್ಲು. ಕೊಡುವಾಗ ಪ್ರತಿ ಚೌಕದ ಅರ್ಥ ವಿವರಿಸಿದ್ಲು. ಕೊಂಡಾಕೆ ಜೆನ್ನಿ ಸ್ಮಿತ್ ಬರೆದಿಟ್ಲು. ನಮ್ಮ ಭಾಷೇಲಿ ಹೇಳೋದಾದ್ರೆ, ಕೋಡಿನ ಜೊತೆ ಡಾಕ್ಯುಮೆಂಟೇಶನ್. ನಮ್ಮಜ್ಜಿಯ ಕೌದಿಗಳ ಬಗ್ಗೆ ಹಾಗೆ ಕೇಳಿ ಬರೆದವರು ಯಾರೂ ಇಲ್ಲ, ಅದಕ್ಕೇ ನನಗೆ ಹೊಟ್ಟೆಕಿಚ್ಚು. ಮಾರಿದ ಮೇಲೂ ಹ್ಯಾರಿಯೆಟ್ ಹಲವು ಸಲ ಹೋಗಿ ತನ್ನ ಕೌದಿ ನೋಡಿ ಬಂದಿದ್ಲು.