ಅಪ್ಪನ ಸೈಕಲ್ಲು

ಇತಿಹಾಸ ಬರೆಯಲು ಶಾಸನ ಬೇಕು, ನಾಣ್ಯ ಬೇಕು, ಬಖೈರು ಬೇಕು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಬೀದರಿನಲ್ಲಿ ಇವಕ್ಕೇನೂ ಕೊರತೆಯಿಲ್ಲ. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸೆ ಊರ ನಡುವೆಯೇ ನಿಂತಿದೆ. ಈ ಹೊತ್ತು ನಾನು ಓದಹೊರಟಿರುವ ದಾಖಲೆ ಅಷ್ಟು ಹಳೆಯದಲ್ಲ. ಗಾಂಧಿ ಗಂಜಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರ ಸೈಕಲ್ಲು ಅದು.

ಅವರು ಅದನ್ನು ಕೊಂಡದ್ದು 1950ರಲ್ಲಿ, ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು. ಹೈದರಾಬಾದ್ ಸಂಸ್ಥಾನವು 1948ರ ಸೆಪ್ಟೆಂಬರಿನಲ್ಲಿ ಭಾರತದೊಳಗೆ ಸೇರಿತ್ತಾದರೂ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಪೇಟೆಯಲ್ಲಿ ಇನ್ನೂ ನಡೆಯುತ್ತಿತ್ತು. ಅಂಥ ಏಳು ರೂಪಾಯಿಗೆ ಭಾರತ ಸರಕಾರದ ಆರು. ಬೆಲೆಯನ್ನು ಎರಡೂ ಲೆಕ್ಕದಲ್ಲಿ ಬರೆದ ಚೀಟಿ ಬಹುಕಾಲ ನಮ್ಮ ಪೆಟ್ಟಿಗೆಯಲ್ಲಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಹರ್ಕ್ಯುಲಿಸ್: ಕರಿಯ ಬಣ್ಣ, 28 ಅಂಗುಲದ ಗಾಲಿ, ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40, ಸರಳಿನಿಂದ ಎಳೆಯುವ ಬ್ರೇಕು.

ಇಂಗ್ಲೆಂಡಿನಿಂದ ಬಂದ ಈ ಬಂಡಿಗೆ ನಮ್ಮ ನೆಲ ಬೇರೆ ಪಾಠ ಕಲಿಸಿತು. ಬೀದರ ಇರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ಅಲ್ಲಿಂದ ಔರಾದದ ಕಡೆಗೋ ಭಾಲ್ಕಿಯ ಕಡೆಗೋ ಇಳಿದರೆ ಎರೆಯ ಸೀಮೆ. ಮಳೆಗಾಲದಲ್ಲಿ ಆ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ನಾದಿದ ಹಿಟ್ಟಿನಂತೆ ತುಂಬಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ವಸೂಲಿಗೆಂದು ಹಳ್ಳಿಗೆ ಹೋದ ತಂದೆಯವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದ ದಿನಗಳುಂಟು. ಆಮೇಲೆ ಅವರೊಂದು ಕಟ್ಟಳೆ ಮಾಡಿಕೊಂಡರು: ಮೃಗಶಿರಾ ಮಳೆ ಹಿಡಿದರೆ ಮಡ್‌ಗಾರ್ಡುಗಳು ಅಟ್ಟಕ್ಕೆ, ದೀಪಾವಳಿಗೆ ಮರಳಿ ಸ್ವಸ್ಥಾನಕ್ಕೆ. ಬೇಸಗೆಯಲ್ಲಿ ಜಾಲಿಮುಳ್ಳಿನ ಕಾಟ. ಹಳೆಯ ಟೈರಿನ ಅಂಚು ಕತ್ತರಿಸಿ ಹೊಸ ಟೈರಿನೊಳಗೆ ಹಾಸುವ ಉಪಾಯವನ್ನು ಗಂಜಿನ ಉಸ್ತಾದರೊಬ್ಬರು ತೋರಿಸಿಕೊಟ್ಟರು. ತುಳಿಯಲು ಭಾರವಾಯಿತು, ಪಂಕ್ಚರು ಕಡಿಮೆಯಾಯಿತು.

ಗಂಜಿನಲ್ಲಿ ಸೈಕಲ್ಲು ಮನುಷ್ಯನಿಗಿಂತ ಮೊದಲು ಚೀಲವನ್ನು ಹೊರಬೇಕು. ತೊಗರಿ, ಉದ್ದು, ಹೆಸರುಗಳ ಚೀಲ ಹೇರಲು ಕಮ್ಮಾರನು ಪಟ್ಟಿ ಕಬ್ಬಿಣದ ಕ್ಯಾರಿಯರ್ ಮಾಡಿಕೊಟ್ಟ. ಒಮ್ಮೆ ಹೇರಿನ ಸಮೇತ ಗುಂಡಿಗಿಳಿದು ಮುಂದಿನ ಫೋರ್ಕು ಬಿರುಕು ಬಿಟ್ಟಿತು. ಉಸ್ತಾದರು ಹಿತ್ತಾಳೆ ಬೆಸುಗೆ ಹಾಕಿ, ಹ್ಯಾಂಡಲಿನ ಬುಡದಿಂದ ಗಾಲಿಯ ಅಚ್ಚಿನವರೆಗೆ ಎರಡು ಆನಿಕೆಯ ಸರಳು ಕೊಟ್ಟರು. ನಮ್ಮ ದೇಶದಲ್ಲೇ ತಯಾರಾದ ಭಾರದ ಸೈಕಲ್ಲುಗಳಲ್ಲಿ ಅಂಥವೇ ಸರಳುಗಳನ್ನು ಕಂಡಾಗ, ಪೇಟೆಯ ಬುದ್ಧಿ ಕಾರ್ಖಾನೆಗೆ ಹೋಯಿತೋ ಕಾರ್ಖಾನೆಯದು ಪೇಟೆಗೆ ಬಂತೋ ಎಂದು ನಾನು ಸೋಜಿಗಪಟ್ಟಿದ್ದೇನೆ.

1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಅದುವರೆಗೆ ನಮ್ಮ ಜಿಲ್ಲೆಯದೇ ಆಗಿದ್ದ ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು. ಬಾಕಿದಾರರು ಮಾತ್ರ ಇದ್ದಲ್ಲೇ ಇದ್ದರು. ಅದೇ ಸೈಕಲ್ಲು, ಅದೇ ದಾರಿ. ತಂದೆಯವರ ವಸೂಲಿ ಮಾತ್ರ ಪರರಾಜ್ಯದ ಪ್ರಯಾಣವಾಯಿತು. ಅಷ್ಟರಲ್ಲಿ ಸೈಕಲ್ಲೂ ದೇಶಾಂತರ ಮಾಡುತ್ತಿತ್ತೆನ್ನಬೇಕು. ಮದರಾಸಿನ ಬಳಿಯ ಅಂಬತ್ತೂರಿನಲ್ಲಿ 1951ರಿಂದ ಹರ್ಕ್ಯುಲಿಸ್ ತಯಾರಾಗತೊಡಗಿತ್ತು. ಬರ್ಮಿಂಗ್‌ಹ್ಯಾಮಿನ ರಿಮ್ಮು ಸವೆದಾಗ ಅಂಬತ್ತೂರಿನದು ಬಂತು. ಟೈರು ಬಂಗಾಳದ ಸಾಹಾಗಂಜಿನ ಡನ್‌ಲಪ್ಪಿನದು. ಚೈನು, ಫ್ರೀವೀಲು ಲೂಧಿಯಾನದವು. ಹೆಸರು ಅದೇ ಉಳಿದು ಒಡಲು ಬದಲಾಯಿತು.

ಇದನ್ನೆಲ್ಲ ದಾಖಲೆಯೆಂದು ಕರೆಯುವ ನಾನೇ ಅದರ ಒಂದು ಪುಟವನ್ನು ಅಳಿಸಿದೆ. ಸೈಕಲ್ಲು ನನ್ನ ಕೈಗೆ ಬಂದದ್ದು 1974ರಲ್ಲಿ, ತಂದೆಯವರು ತೀರಿಕೊಂಡ ಬಳಿಕ. ಹಳೆಯದನ್ನು ಹೊಸದಾಗಿಸುವ ಹುಮ್ಮಸ್ಸಿನಲ್ಲಿ ಫ್ರೇಮನ್ನು ಉಪ್ಪುಕಾಗದದಿಂದ ಉಜ್ಜಿ ಕರಿಯ ಬಣ್ಣ ಬಳಿದೆ. ಬಂಗಾರದ ಬಣ್ಣದ ಕಂಪೆನಿಯ ಅಕ್ಷರಗಳು ಹೋದವು. ಅವುಗಳ ಕೆಳಗೆ ತಂದೆಯವರು ಮೊಳೆಯ ತುದಿಯಿಂದ ಕೊರೆದಿದ್ದ ಅವರ ಹೆಸರಿನ ಮೊದಲಕ್ಷರ ಹೋಯಿತು. ಅದು ಉರ್ದು ಲಿಪಿಯಲ್ಲಿತ್ತು. ಅವರು ಶಾಲೆಯಲ್ಲಿ ಕಲಿತದ್ದು ಆ ಲಿಪಿಯನ್ನೇ. ಸೀಟಿನ ಕೆಳಗೆ ಅಚ್ಚೊತ್ತಿದ ಸಂಖ್ಯೆಯೊಂದು ಹೇಗೋ ಉಳಿದುಕೊಂಡಿದೆ.

ಈಚೆಗೆ ಹಳೆಯ ಸೈಕಲ್ಲುಗಳ ಸಂಗ್ರಾಹಕರೊಬ್ಬರು ಮನೆಗೆ ಬಂದಿದ್ದರು. ಕಮ್ಮಾರನ ಕ್ಯಾರಿಯರ್ ತೆಗೆದು, ಆನಿಕೆಯ ಸರಳು ಬಿಚ್ಚಿ, ಇಂಗ್ಲೆಂಡಿನ ಬಿಡಿಭಾಗ ತರಿಸಿ, ಕಾರ್ಖಾನೆಯಿಂದ ಹೊರಬಂದ ದಿನದಂತೆ ಮಾಡಿಕೊಡುವೆನೆಂದರು. ಅವರದು ಒಳ್ಳೆಯ ಮನಸ್ಸೇ. ಆದರೆ ಆ ದಿನ ಸೈಕಲ್ಲು ನಮ್ಮದಾಗಿರಲಿಲ್ಲವಲ್ಲ! ಚಹಾ ಕುಡಿಸಿ ಕಳಿಸಿದೆ. ದೀಪಾವಳಿ ಹತ್ತಿರವಿತ್ತು, ಮೊಮ್ಮಗನನ್ನು ಅಟ್ಟಕ್ಕೆ ಹತ್ತಿಸಿ ಮಡ್‌ಗಾರ್ಡುಗಳನ್ನು ಇಳಿಸಿಕೊಂಡೆ. ಒಂದು ನಟ್ಟು ಕಾಣೆಯಾಗಿತ್ತು. ಗಂಜಿಗೆ ಹೋಗಿ ತಂದೆವು.