ಬಾನುಲಿಸ್ತಂಭಗಳ ಪತನಕಾರಣವಿಚಾರ

ಉನ್ನತವಾದ ಸ್ತಂಭಗಳು ಬಿರುಗಾಳಿಯಿಂದಲೇ ಬೀಳುವುವೆಂಬುದು ಲೋಕಪ್ರತೀತಿ. ಬಾನುಲಿಯ ಇತಿಹಾಸವನ್ನು ಪರಿಶೀಲಿಸಿದರೆ ಈ ಮಾತು ಅರ್ಧಸತ್ಯವೆಂದು ವಿದಿತವಾಗುವುದು.

ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪೋಲ್ಡೂ ಎಂಬಲ್ಲಿ ಮಾರ್ಕೋನಿಯು 1901ರಲ್ಲಿ 200 ಅಡಿ ಎತ್ತರದ 20 ಕಂಬಗಳನ್ನು ವೃತ್ತಾಕಾರವಾಗಿ ನಿಲ್ಲಿಸಿದನು. ಪ್ರತಿಯೊಂದಕ್ಕೂ ಎಲ್ಲ ದಿಕ್ಕುಗಳಲ್ಲಿ ಸ್ವತಂತ್ರವಾದ ಆಧಾರವಿರದೆ, ಅವುಗಳ ತುದಿಗಳು ಒಂದಕ್ಕೊಂದು ಬಿಗಿಯಲ್ಪಟ್ಟಿದ್ದುವು. ಸೆಪ್ಟೆಂಬರ್ 17ರ ಬಿರುಗಾಳಿಗೆ ಅವು ನೆಲಕ್ಕುರುಳಿದುವು. ಇಲ್ಲಿ ಗಾಳಿಯು ನಿಮಿತ್ತಮಾತ್ರ, ಅನ್ಯೋನ್ಯಾಶ್ರಯವೇ ಮೂಲದೋಷ.

ಪೋಲೆಂಡಿನ ಕೊನ್‌ಸ್ತಾಂತಿನುಫ್ ಗ್ರಾಮದ ಉಕ್ಕಿನ ಸ್ತಂಭದ ವೃತ್ತಾಂತವು ಇನ್ನೂ ಬೋಧಪ್ರದವಾದುದು. 1974ರಲ್ಲಿ ಪೂರ್ಣಗೊಂಡ ಆ ಸ್ತಂಭದ ಎತ್ತರ 646 ಮೀಟರು. ಅಂದಿಗೆ ಅದು ಜಗತ್ತಿನಲ್ಲಿಯೇ ಅತ್ಯುನ್ನತವಾದ ನಿರ್ಮಾಣ. ಸುತ್ತಲೂ ಬಿಗಿದ ಉಕ್ಕಿನ ಹಗ್ಗಗಳ ಸಮಬಲದಿಂದಲೇ ಅದು ನಿಂತಿದ್ದಿತು. 1991ರ ಆಗಸ್ಟ್ 8ರಂದು ತುದಿಯ ಹಗ್ಗಗಳನ್ನು ಬದಲಿಸುತ್ತಿರುವಾಗ ಸಂಭವಿಸಿದ ಪ್ರಮಾದದಿಂದ ಆ ಸಮತೆ ಕೆಟ್ಟು, ಸ್ತಂಭವು ಬಾಗಿ, ಮುರಿದು ಬಿದ್ದಿತು. ಪ್ರಾಣಹಾನಿಯಾಗಲಿಲ್ಲ. 17 ವರ್ಷಗಳ ಗಾಳಿಮಳೆಗಳು ಮಾಡದುದನ್ನು ದುರಸ್ತಿಯ ಒಂದು ಗಳಿಗೆ ಮಾಡಿತು.

ಹವ್ಯಾಸಿಗಳು ಮನೆಯಂಗಳದಲ್ಲಿ ನಿಲ್ಲಿಸುವ, ಹಗ್ಗಗಳಿಂದ ಬಿಗಿದ ಕಿರುಗೋಪುರಗಳಿಗೂ ಈ ನ್ಯಾಯವೇ ಅನ್ವಯಿಸುವುದು. ತಾತ್ಕಾಲಿಕ ಹಗ್ಗವನ್ನು ಬಿಗಿಯದೆ ಹಳೆಯದನ್ನು ಸಡಿಲಿಸಬಾರದು. ನೆಲದಲ್ಲಿ ನಿಂತು ಹಗ್ಗಗಳನ್ನೂ ಅವುಗಳ ಬುಡದ ಗೂಟಗಳನ್ನೂ ಪರೀಕ್ಷಿಸದೆ ಗೋಪುರವನ್ನು ಏರಬಾರದು. ಏರುವವನ ಮೈಪಟ್ಟಿಗೆ ಎರಡು ಕೊಂಡಿಗಳಿರಬೇಕು. ಒಂದನ್ನು ಮೇಲೆ ಸಿಕ್ಕಿಸಿದ ಬಳಿಕವೇ ಇನ್ನೊಂದನ್ನು ಬಿಡಿಸತಕ್ಕುದು. ಸ್ತಂಭಕ್ಕೂ ಅದನ್ನೇರುವ ಮನುಷ್ಯನಿಗೂ ನಿಯಮವೊಂದೇ: ಹೊಸ ಆಧಾರವು ದೃಢವಾಗುವವರೆಗೆ ಹಳೆಯ ಆಧಾರವು ತ್ಯಾಜ್ಯವಲ್ಲ.