ಈಲಿಸ್ಟ್ರೇಯೀ: ಒಬ್ಬ ಕಲ್ಪಿತ ಗಾನದೇವತೆಯ ಚರಿತ್ರೆ

ದೇವತೆಗಳ ಸ್ವರೂಪವು ಕಾಲಕಾಲಕ್ಕೆ ಮಾರ್ಪಡುತ್ತ ಬಂದಿತೆಂಬುದು ಇತಿಹಾಸದ ಅಭ್ಯಾಸಿಗಳಿಗೆ ತಿಳಿದ ಸಂಗತಿ. ಮಥುರೆಯ ಕಂಕಾಳಿ ಟೀಲಾದಲ್ಲಿ ದೊರೆತ ಕುಷಾಣರ ಕಾಲದ ಸರಸ್ವತೀ ವಿಗ್ರಹದ ಕೈಯಲ್ಲಿರುವುದು ಗ್ರಂಥ, ವೀಣೆಯಲ್ಲ. ಇಂತಹ ಮಾರ್ಪಾಡುಗಳನ್ನು ಮಾಡಿದವರ ಹೆಸರುಗಳು ಬಹುಮಟ್ಟಿಗೆ ಅಳಿದುಹೋಗಿವೆ. ಆದರೆ ಕರ್ತೃ, ಕಾಲ, ಕಾರಣಗಳು ಮೂರೂ ತಿಳಿದಿರುವ ಗಾನದೇವತೆಯೊಬ್ಬಳು ಆಧುನಿಕ ಆಟವೊಂದರಲ್ಲಿದ್ದಾಳೆ. ಅವಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆಟಗಾರರು ಒಂದೊಂದು ಪಾತ್ರವನ್ನು ವಹಿಸಿ ಮಾತಿನಿಂದಲೇ ಕಥೆಯನ್ನು ನಡೆಸುವುದು ಇದರ ಕ್ರಮ. 1978ರಲ್ಲಿ ಗೈಗ್ಯಾಕ್ಸ್ ಅವರು ಭೂಗರ್ಭವಾಸಿಗಳಾದ 'ಡ್ರೌ' ಎಂಬ ಕ್ರೂರ ಜನಾಂಗವನ್ನೂ, ಅದರ ಅಧಿದೇವತೆಯಾದ ಜೇಡರಾಣಿ ಲೋಲ್ತ್‌ಳನ್ನೂ ಆಟಕ್ಕೆ ತಂದರು. ಇಡೀ ಜನಾಂಗವೇ ದುಷ್ಟತನಕ್ಕೆ ಮೀಸಲಾದಂತಾಯಿತು.

ಈ ಕೊರತೆಗೆ ಉತ್ತರವೆಂಬಂತೆ ಕೆನಡದ ಎಡ್ ಗ್ರೀನ್‌ವುಡ್ ಅವರು, ತಾವು ಕಲ್ಪಿಸಿದ 'ಫರ್ಗಾಟನ್ ರೆಲ್ಮ್ಸ್' ಜಗತ್ತಿಗೆ ಸಂಬಂಧಿಸಿದ 1991ರ ಗ್ರಂಥವೊಂದರಲ್ಲಿ ಈಲಿಸ್ಟ್ರೇಯೀಯನ್ನು ಪರಿಚಯಿಸಿದರು. ಈಕೆ ಗಾನ, ನೃತ್ಯ, ಬೆಳುದಿಂಗಳು, ಖಡ್ಗವಿದ್ಯೆಗಳ ದೇವತೆ. ಬಯಲಿನಲ್ಲಿ ಚಂದ್ರನ ಕೆಳಗೆ ಹಾಡಿ ಕುಣಿಯುವುದೂ, ಅಪರಿಚಿತರಿಗೆ ನೆರವಾಗುವುದೂ ಅವಳ ಭಕ್ತರ ಆಚಾರ. ಲೋಲ್ತ್‌ಳ ಒಂದೊಂದು ಲಕ್ಷಣಕ್ಕೂ ಇಲ್ಲಿ ಎದುರು ಲಕ್ಷಣವಿದೆ: ಕತ್ತಲೆಗೆ ಬೆಳುದಿಂಗಳು, ಒಳಸಂಚಿಗೆ ಎಲ್ಲರೂ ಕೇಳುವ ಹಾಡು. ಆದುದರಿಂದ ಗಾನವು ಇಲ್ಲಿ ಕೇವಲ ಕಲೆಯಲ್ಲ. ಪತಿತ ಜನಾಂಗವೊಂದು ನೆಲದ ಮೇಲಕ್ಕೆ ಮರಳುವ ಮಾರ್ಗ.

ವಂಶಾವಳಿಯ ವಿಸ್ತಾರವು ಅನಂತರದ್ದು. 1998ರಲ್ಲಿ ಎರಿಕ್ ಬಾಯ್ಡ್ ಅವರು ಪೂಜಾವಿಧಿಗಳನ್ನು ವಿವರಿಸಿದರು. ಅದೇ ವರ್ಷ ಇಲೇನ್ ಕನಿಂಗ್‌ಹ್ಯಾಮ್ ಅವರ 'ಎವರ್‌ಮೀಟ್' ಕಾದಂಬರಿಯು, ಲೋಲ್ತ್‌ಳ ಮಗಳಾದ ಇವಳು ಮುಂದೆ ಡ್ರೌಗಳಿಗೆ ತನ್ನ ಅಗತ್ಯ ಬೀಳುವುದೆಂದು ತಿಳಿದು, ನಿರಪರಾಧಿಯಾಗಿದ್ದೂ ಬಹಿಷ್ಕಾರವನ್ನು ತಾನೇ ಬೇಡಿ ಪಡೆದಳೆಂದು ವರ್ಣಿಸಿತು. 2008ರಲ್ಲಿ ಆಟದ ನಾಲ್ಕನೆಯ ಆವೃತ್ತಿ ಹೊರಟು ದೇವಗಣವು ಸಂಕ್ಷೇಪಗೊಂಡಿತು. ಅದೇ ವರ್ಷ ಲೀಸಾ ಸ್ಮೆಡ್‌ಮನ್ ಅವರ ಕಾದಂಬರಿಯಲ್ಲಿ ಈಲಿಸ್ಟ್ರೇಯೀ ಮಡಿದಳು. 2014ರಲ್ಲಿ ಆರಂಭವಾದ ಐದನೆಯ ಆವೃತ್ತಿಯ ಕಾಲದಲ್ಲಿ ಮರಳಿ ಬಂದಳು.

ಇವಳಿಗೆ ದೇವಾಲಯವಿಲ್ಲ, ನಿಜವಾದ ಪೂಜೆಯೂ ಇಲ್ಲ. ಶತಮಾನಗಳ ಶ್ರದ್ಧೆಯಿಂದ ಬೆಳೆದ ದೇವತೆಗಳೊಡನೆ ಇವಳನ್ನು ಸಮನಾಗಿ ಎಣಿಸಲಾಗದು. ಆದರೂ ಪ್ರತಿದೇವತೆಯ ಸೃಷ್ಟಿ, ಅನಂತರ ಕೂಡಿಕೊಂಡ ವಂಶಾವಳಿ, ವ್ಯವಸ್ಥೆ ಬದಲಾದಾಗ ಮರಣ ಮತ್ತು ಪುನರಾಗಮನ ಎಂಬ ಘಟ್ಟಗಳನ್ನು ಇಲ್ಲಿ ತೇದಿಸಹಿತವಾಗಿ ಕಾಣಬಹುದು. ಕಥೆಯೊಳಗೆ ಅವಳನ್ನು ಕೊಂದುದು ಒಂದು ಖಡ್ಗ. ಕಥೆಯ ಹೊರಗೆ ಅದಕ್ಕೆ ಎಡೆಮಾಡಿದುದು ಹೊಸ ಆವೃತ್ತಿಯ ಅಗತ್ಯ. ಪುರಾಣವು ಹೇಳುವ ಕಾರಣ ಬೇರೆ, ಪುರಾಣವು ಬದಲಾದ ಕಾರಣ ಬೇರೆ ಎಂಬ ಈ ವಿವೇಕವನ್ನು ಹಳೆಯ ಆಕರಗಳನ್ನು ಓದುವಾಗಲೂ ನಾವು ಕೈಬಿಡಬಾರದು.